ಕೊಂಕಣ್ಣ ಹೊಲಿದ ಪ್ರೇಮಕಥೆ

ಅವನಿಗೆ ಕೊಂಕಣ್ಣ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಇಟ್ಟವರಿಗೆ ಕಣ್ಣಿತ್ತು. ಬೀದಿಯ ತಿರುವಿನಲ್ಲಿ ಅವನದೊಂದು ಬೈಂಡಿಂಗ್ ಅಂಗಡಿ. ಒಳಗೆ ಕಾಲಿಟ್ಟರೆ ಅಂಟಿನ ಹುಳಿ ವಾಸನೆ, ಗೋಡೆಗೆ ಒರಗಿಸಿದ ರಟ್ಟುಗಳು, ಮೂಲೆಯಲ್ಲಿ ಕೈಯಿಂದ ತಿರುಗಿಸಿ ಬಿಗಿಮಾಡುವ ಕಬ್ಬಿಣದ ಒತ್ತು, ಕಿಟಕಿಯ ಹತ್ತಿರ ಕಟಿಂಗ್ ಮಿಷನ್ನು. ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಕೊಂಕು ತೆಗೆಯುವುದರಲ್ಲಂತೂ ಇರಲೇ ಇಲ್ಲ. ವಕೀಲರು ಕಾನೂನಿನ ಪುಸ್ತಕ ತಂದರೆ, "ಇದನ್ನ ಒಂದು ಸಲಾನೂ ತೆಗೆದು ನೋಡಿಲ್ಲ, ಆದ್ರೂ ಹರಿದಿದೆ. ಇಲಿ ಓದಿರ್ಬೇಕು" ಅನ್ನುತ್ತಿದ್ದ. ಕಾಲೇಜಿನವರು ಪ್ರಬಂಧ ತಂದರೆ ಮೊದಲ ಪುಟದ ಕೃತಜ್ಞತೆಗಳನ್ನು ಗಟ್ಟಿಯಾಗಿ ಓದಿ, "ಇಷ್ಟು ಜನ ಸೇರ್ಕೊಂಡು ಇಷ್ಟೇನಾ ಬರೆದಿದ್ದು?" ಎಂದು ಕೇಳುತ್ತಿದ್ದ. ಜನ ಮನಸ್ಸಿನಲ್ಲೇ ಬೈದುಕೊಂಡು ಮತ್ತೆ ಅವನಲ್ಲಿಗೇ ಬರುತ್ತಿದ್ದರು. ಅವನು ಹೊಲಿದ ಪುಸ್ತಕ ಬಿಚ್ಚಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ.

ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಅವನು, ಅವನ ತಂಗಿ, ಇಬ್ಬರೇ. ಅಪ್ಪ ಅಮ್ಮ ಹೋಗಿ ಬಹಳ ಕಾಲವಾಗಿತ್ತು. ಹೆಣ್ಣುಗಳಲ್ಲಿ ಐಬು ಹುಡುಕುತ್ತ ಹುಡುಕುತ್ತ ಅವನ ಮದುವೆಯ ವಯಸ್ಸು ಮೀರಿಹೋಗಿತ್ತು, ಅದಕ್ಕೆ ಯಾರೂ ಕಣ್ಣೀರು ಹಾಕಬೇಕಾಗಿಲ್ಲ. ತಂಗಿಯದು ಬೇರೆ. ನಲವತ್ತು ದಾಟಿದ ಆ ಹೆಂಗಸು ಮುಖ್ಯರಸ್ತೆಯ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ಡಾಕ್ಟರುಗಳ ಗೀಚು ಬರಹ ಓದುವುದು, ಮಾತ್ರೆಯ ಹಾಳೆಯನ್ನು ಕತ್ತರಿಯಿಂದ ಬೇಕಾದಷ್ಟೇ ಕತ್ತರಿಸಿ ಕೊಡುವುದು, ಮುದುಕರಿಗೆ ಯಾವುದು ಊಟಕ್ಕೆ ಮುಂಚೆ ಯಾವುದು ಆಮೇಲೆ ಎಂದು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುವುದು ಅವಳ ಕೆಲಸ. ಅವಳಿಗೆ ಮದುವೆಯ ಮಾತುಗಳು ಬರದೆ ಇರಲಿಲ್ಲ. ಲೆಕ್ಕಪತ್ರದ ಗುಮಾಸ್ತನೊಬ್ಬ ಮನೆಗೇ ಬಂದು ಮಾತಾಡಿಸಿಕೊಂಡು ಹೋಗಿದ್ದ. ಪಾಪ, ಬಾಯಿ ತೆರೆಯುವ ಮುನ್ನ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಅವನಿಗೆ. ಅವನು ಬಾಗಿಲು ದಾಟಿದ್ದೇ ತಡ, ಕೊಂಕಣ್ಣ, "ಗಾಡಿ ಸ್ಟಾರ್ಟ್ ಆಗೋಕೇ ಇಷ್ಟು ಹೊತ್ತು, ಇನ್ನು ಸಂಸಾರ ಯಾವಾಗ ಹೊರಡುತ್ತೆ?" ಎಂದ. ತಂಗಿ ನಕ್ಕಳು. ಎಡವಟ್ಟಾದದ್ದು ಅಲ್ಲೇ. ಒಂದು ಸಲ ನಕ್ಕ ಮೇಲೆ ಆ ಗುಮಾಸ್ತನನ್ನು ನಗದೆ ನೋಡುವುದು ಅವಳಿಂದ ಆಗಲಿಲ್ಲ. ಅವನು ಗಂಟಲು ಸರಿಮಾಡಿಕೊಂಡಾಗಲೆಲ್ಲ ಅವಳಿಗೆ ಗಾಡಿಯೇ ಕೇಳಿಸುತ್ತಿತ್ತು. ಅವನಾದ ಮೇಲೆ ಬಂದವನ ಕತ್ತು ಉದ್ದವಾಗಿತ್ತು, ಮತ್ತೊಬ್ಬನಿಗೆ ನಗುವಾಗ ಒಸಡು ಕಾಣುತ್ತಿತ್ತು. ಅಣ್ಣ ಒಂದೊಂದೇ ಮಾತಿನಲ್ಲಿ ಅವರನ್ನೆಲ್ಲ ಮುಗಿಸಿದ.

ಹೀಗೆ ಒಬ್ಬಳ ಬಾಳಿನಿಂದ ಒಂದೊಂದೇ ಗಂಡಸನ್ನು ಎತ್ತಿ ಹೊರಗೆ ಹಾಕುವುದಕ್ಕೆ ಬೇರೆ ಹೆಸರಿರಬೇಕಿತ್ತು. ಊರಿನವರು ಅವನನ್ನು ತಮಾಷೆಯ ಮನುಷ್ಯ ಅಂದರು. ಅವನು ಯಾಕೆ ಹಾಗೆ ಮಾಡುತ್ತಿದ್ದ ಎಂಬುದೇನೂ ಬ್ರಹ್ಮವಿದ್ಯೆಯಲ್ಲ. ಹಗಲಿಡೀ ಕಂಡವರನ್ನೆಲ್ಲ ಸಂಜೆ ಹರಿದು ಹಾಕಲು ಅವನಿಗೆ ಎದುರಿಗೊಂದು ಕಿವಿ ಬೇಕಿತ್ತು. ಅಷ್ಟು ಒಳ್ಳೆಯ ಕಿವಿಯನ್ನು ಬೇರೆ ಮನೆಗೆ ಕಳಿಸಿಕೊಡುವಷ್ಟು ದಡ್ಡನಾಗಿರಲಿಲ್ಲ ಅವನು. ಆದರೆ ತನಗೇ ಅದು ಗೊತ್ತಿರಲಿಲ್ಲ. ತಂಗಿಯ ಮೇಲಿನ ಪ್ರೀತಿಯಿಂದ ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ. ಪ್ರೀತಿಯೂ ಇತ್ತು, ಇಲ್ಲವೆನ್ನಲಾಗದು.

ಔಷಧಿ ಅಂಗಡಿಯ ಪಕ್ಕದ್ದು ಕನ್ನಡಕದ ಅಂಗಡಿ. ಅದರ ಯಜಮಾನ ಹೆಂಡತಿಯನ್ನು ಕಳೆದುಕೊಂಡು ವರ್ಷಗಳಾದ, ಮೆತ್ತಗೆ ಮಾತಾಡುವ ಆಸಾಮಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಕೌಂಟರಿನ ಹಿಂದೆ ಕುಳಿತು ಒಂದು ಪುಟ್ಟ ದಪ್ಪ ಪುಸ್ತಕ ಓದುತ್ತಿದ್ದ. ಚಿಲ್ಲರೆ ಕೇಳಲು ಹೋದ ತಂಗಿ ಒಂದು ದಿನ ಇಣುಕಿ ನೋಡಿದರೆ ಅದು ಮಾಂಗಾ ಪುಸ್ತಕ, ಇಂಗ್ಲಿಷಿಗೆ ಬಂದ ಜಪಾನಿನ ಚಿತ್ರಕಥೆ. ಅದರಲ್ಲೂ ಶಾಲೆಯ ಹುಡುಗಿಯರಿಗೆಂದೇ ಬರೆಯುವ ಸಿಹಿಸಿಹಿ ಪ್ರೇಮದ್ದು. ತಲೆಯಲ್ಲಿ ನರೆ ಬಂದ ಗಂಡಸು ಅಂಥದ್ದನ್ನು ಬಚ್ಚಿಡದೆ, ನಾಚದೆ, "ತುಂಬಾ ಚೆನ್ನಾಗಿದೆ, ಓದ್ತೀರಾ?" ಎಂದು ಮೊದಲ ಭಾಗವನ್ನು ಅವಳ ಕೈಗೇ ಕೊಟ್ಟ. ಅವಳು ಸಂಕೋಚಕ್ಕೆ ತಂದಳು. ಆಮೇಲೆ ಎರಡನೆಯದನ್ನು ತಾನೇ ಕೇಳಿ ತಂದಳು. ಒಂಬತ್ತು ಭಾಗಗಳಿದ್ದವು.

ಕಥೆಯೆಂದರೆ ಅದು ಕಥೆಯೇ ಅಲ್ಲ. ಒಬ್ಬ ಹುಡುಗಿ ಶಾಲೆಯ ಧ್ವನಿವರ್ಧಕದಲ್ಲಿ ಬೆಳಗಿನ ಪ್ರಕಟಣೆಗಳನ್ನು ಓದುತ್ತಾಳೆ. ಕಳೆದುಹೋದ ವಸ್ತುಗಳು, ನಾಳೆಯ ಆಟದ ಪಂದ್ಯ, ಮುಚ್ಚಿದ ನೀರಿನ ನಲ್ಲಿ. ಶಾಲೆಯಲ್ಲಿ ಒಂದು ನರಪಿಳ್ಳೆಯೂ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಕೇಳಿಸಿಕೊಳ್ಳುತ್ತಾನೆ. ಒಂದು ದಿನ ಅವಳು ತನ್ನದೇ ಕೊಡೆ ಕಳೆದದ್ದನ್ನು ಓದುತ್ತಾಳೆ, ಸಂಜೆ ಆ ಹುಡುಗ ಕೊಡೆ ಹುಡುಕಿಕೊಂಡು ಗೇಟಿನಲ್ಲಿ ನಿಂತಿರುತ್ತಾನೆ. ಅಲ್ಲಿಗೆ ಮೊದಲ ಭಾಗ ಮುಗಿಯಿತು. ಅವನು ಅವಳ ಹೆಸರು ಹಿಡಿದು ಕರೆಯುವುದು ನಾಲ್ಕನೆಯದರಲ್ಲಿ. ಒಬ್ಬರಿಗೊಬ್ಬರು ಬೆರಳು ತಾಕಿಸುವ ಹೊತ್ತಿಗೆ ಒಂಬತ್ತನೆಯದೂ ಮುಗಿಯುತ್ತ ಬಂದಿರುತ್ತದೆ. ಕಣ್ಣುಗಳೋ ಅರ್ಧ ಮುಖವನ್ನೇ ತಿಂದುಹಾಕಿರುತ್ತವೆ, ಪುಟಗಳ ಮೂಲೆಯಲ್ಲೆಲ್ಲ ಹೂವು ಉದುರುತ್ತಿರುತ್ತದೆ. ಇಷ್ಟಕ್ಕೆ ಎಷ್ಟು ಕಾಗದ ಹಾಳು ಎಂದು ಯಾರಿಗಾದರೂ ಅನ್ನಿಸುವಂಥದ್ದೇ.

ಅಡುಗೆಮನೆಯಲ್ಲಿ ಊಟ ಬಡಿಸುತ್ತ ಅವಳು ಇದನ್ನೆಲ್ಲ ಅಣ್ಣನಿಗೆ ಹೇಳಿದಳು. ಹೇಳಬಾರದಿತ್ತು.

"ಸಂಜೆ ತನಕ ಕೊಡೆ ಹಿಡ್ಕೊಂಡು ನಿಂತಿದ್ನಾ?" ಎಂದ ಕೊಂಕಣ್ಣ. "ಅವರಮ್ಮ ಮೊಸರು ತರೋಕೆ ಕಳಿಸಿದ್ರೆ ಹಾಗೆ ನಿಲ್ತಿದ್ನಾ, ಕೇಳು."

"ಅವಳು ಹೇಳಿದ್ದನ್ನ ಅವನು ಕೇಳಿಸ್ಕೊಂಡ ಅಣ್ಣ, ಅಷ್ಟೇ. ಅದು ಚೆನ್ನಾಗಿದೆ."

"ಕೇಳಿಸ್ಕೊಳ್ಳೋದೇನು ಮಹಾ. ಕಿವಿ ಇದ್ದೋರೆಲ್ಲ ಕೇಳಿಸ್ಕೋತಾರೆ" ಎಂದು ಅವನು ತಟ್ಟೆ ಎಳೆದುಕೊಂಡ. ಅವಳು ಉಪ್ಪು ಸಾಕೇ ಎಂದು ಕೇಳಿದ್ದು ಅವನಿಗೆ ಕೇಳಿಸಲಿಲ್ಲ.

ಆ ಪುಸ್ತಕಗಳಲ್ಲಿ ಅವಳಿಗೆ ಹಿಡಿಸಿದ್ದು ಹೂವಲ್ಲ, ಕಣ್ಣಲ್ಲ. ಅಷ್ಟೂ ಭಾಗಗಳಲ್ಲಿ ಯಾರೂ ಯಾರನ್ನೂ ಆಡಿಕೊಳ್ಳುವುದಿಲ್ಲ. ಹುಡುಗಿ ತಪ್ಪು ಓದಿದರೆ ಹುಡುಗ ನಗುವುದಿಲ್ಲ, ಹುಡುಗ ತೊದಲಿದರೆ ಹುಡುಗಿ ಕಾಯುತ್ತಾಳೆ. ಇಂಥ ಜಗತ್ತು ಎಲ್ಲೂ ಇಲ್ಲ ಎಂದು ಅವಳಿಗೂ ಗೊತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಸ್ವಲ್ಪ ಇದ್ದ ಹಾಗಿತ್ತು. ಭಾಗ ಹಿಂದಿರುಗಿಸಲು ಹೋದಾಗಲೆಲ್ಲ ಇಬ್ಬರೂ ಆ ಹುಡುಗ ಹುಡುಗಿಯ ಬಗ್ಗೆ ಮಾತಾಡುತ್ತಿದ್ದರು. ಅವಳು ಒಂದು ವಾಕ್ಯವನ್ನು ಪೂರ್ತಿ ಮುಗಿಸುವ ತನಕ ಅವನು ಸುಮ್ಮನಿರುತ್ತಿದ್ದ. ಅದು ಅವಳಿಗೆ ಎಷ್ಟು ಹೊಸದಾಗಿತ್ತೆಂದರೆ, ಮೊದಮೊದಲು ವಾಕ್ಯದ ಕೊನೆಯಲ್ಲಿ ಏನು ಹೇಳಬೇಕೆಂದೇ ತಿಳಿಯದೆ ತಡವರಿಸುತ್ತಿದ್ದಳು. ಒಂಬತ್ತನೆಯ ಭಾಗ ಮುಗಿದ ದಿನ ಅವನು ಕೇಳಿದ, ಮದುವೆಯಾಗಲು ಒಪ್ಪಿಗೆಯೇ ಎಂದು. ಒಪ್ಪಿಗೆ ಎಂದು ಅವಳಿಗೆ ಗೊತ್ತಿತ್ತು, ಆದರೆ ಭಾನುವಾರ ಮನೆಗೆ ಬನ್ನಿ ಎಂದಷ್ಟೇ ಹೇಳಿದಳು. ಅಣ್ಣ ಆಡುವ ಮಾತಿನ ಭಯವೂ ಇತ್ತು. ಅವನೊಂದು ಮಾತು ಆಡಿದರೆ ಈ ಮನುಷ್ಯನೂ ತನ್ನ ಕಣ್ಣಲ್ಲಿ ಗುಮಾಸ್ತನ ದಾರಿ ಹಿಡಿಯುತ್ತಾನೆ, ಆಮೇಲೆ ಯಾವ ದೇವರು ಬಂದರೂ ಸರಿಮಾಡಲಾರ.

ಅದಕ್ಕೇ ಅವಳು ಒಂದು ಉಪಾಯ ಮಾಡಿದಳು. ಪುಸ್ತಕಗಳು ಓದಿ ಓದಿ ಬೆನ್ನು ಬಿಟ್ಟು ಹಾಳೆ ಉದುರುತ್ತಿದ್ದವು. ಒಂಬತ್ತನ್ನೂ ಅವನಿಂದ ಕೇಳಿಕೊಂಡು ಚೀಲದಲ್ಲಿ ತಂದು ಅಣ್ಣನ ಕೆಲಸದ ಮೇಜಿನ ಮೇಲಿಟ್ಟಳು. ಅಣ್ಣ ಜಗತ್ತಿಗೆ ಕೊಂಕಿಲ್ಲದೆ ಕೊಡುವುದು ಒಂದೇ ಒಂದು, ತನ್ನ ಹೊಲಿಗೆ. ಆ ಕೈಯಿಂದ ಈ ಪುಸ್ತಕಗಳು ಹಾದುಹೋದರೆ ಮನಸ್ಸು ಸ್ವಲ್ಪ ಮೆತ್ತಗಾದೀತು ಎಂಬ ಆಸೆ.

"ಇವು ಕನ್ನಡಕದ ಅಂಗಡಿಯವರದ್ದು" ಎಂದಳು. "ಭಾನುವಾರ ಅವರು ಮನೆಗೆ ಬರ್ತಾರೆ, ನನ್ನ ವಿಷಯ ಮಾತಾಡೋಕೆ. ಇವನ್ನ ಚೆನ್ನಾಗಿ ಕಟ್ಟಿಕೊಡು. ಅವರು ಬಂದಾಗ ಅವರನ್ನ ನೋಡಿ ನಗಬೇಡ. ಆಡ್ಕೋಬೇಡ. ನಾನು ನಿನ್ನ ಇಷ್ಟು ವರ್ಷದಲ್ಲಿ ಏನೂ ಕೇಳಿಲ್ಲ."

ಕೊಂಕಣ್ಣ ಅವಳ ಮುಖ ನೋಡಿದ. "ಆಯ್ತು, ನಗಲ್ಲ" ಎಂದ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

"ಇನ್ನೊಂದು. ಈ ಪುಸ್ತಕ ಬಲಗಡೆಯಿಂದ ಓದೋದು. ನಮ್ಮ ಪುಸ್ತಕದ ಥರ ಅಲ್ಲ. ಬೆನ್ನು ಆ ಕಡೆ ಬರ್ಬೇಕು."

"ಪುಸ್ತಕದ ಬೆನ್ನು ಎಲ್ಲಿರ್ಬೇಕು ಅಂತ ಈಗ ಮಾತ್ರೆ ಅಂಗಡಿಯೋರು ಹೇಳ್ಕೊಡ್ತಾರಾ? ಹೋಗು, ಹೋಗು" ಎಂದು ಅವನು ಕೈ ಬೀಸಿದ. ಅವಳು ಹೋದಳು.

ಅವನು ಒಂದನ್ನು ತೆರೆದ. ತೆರೆದ ಕೂಡಲೆ ಪುಟದ ಸಂಖ್ಯೆ ನೂರ ತೊಂಬತ್ತು, ತಿರುಗಿಸಿದರೆ ನೂರ ಎಂಬತ್ತೊಂಬತ್ತು. ಹೀಗೆ ಇಳಿಯುತ್ತ ಹೋಗುತ್ತದೆ. ಚಿತ್ರದ ಚೌಕಗಳನ್ನು ಎಡದಿಂದ ಓದಿದರೆ ಹುಡುಗಿ ಕೇಳುವುದಕ್ಕೆ ಮುಂಚೆಯೇ ಹುಡುಗ ಉತ್ತರ ಹೇಳಿರುತ್ತಾನೆ. "ಹುಡುಗ ಭವಿಷ್ಯ ಹೇಳ್ತಾನೆ" ಎಂದು ಕೊಂಕಣ್ಣ ಒಬ್ಬನೇ ನಕ್ಕ. ಎಡಗಡೆಯ ಮೊದಲ ಹಾಳೆಯಲ್ಲಿ ದಪ್ಪಕ್ಷರದ ಒಂದು ಸೂಚನೆಯಿತ್ತು. ನಿಲ್ಲಿ, ನೀವು ಪುಸ್ತಕದ ಕೊನೆಯಲ್ಲಿದ್ದೀರಿ, ತಿರುಗಿಸಿ ಬಲಗಡೆಯಿಂದ ಓದಿ, ಎಂದು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಓದಿ ಪುಸ್ತಕ ತಿರುಗಿಸುತ್ತಿದ್ದರು. ಕೊಂಕಣ್ಣ ಬೈಂಡರು. ಜೀವಮಾನವೆಲ್ಲ ಪ್ರೆಸ್ಸುಗಳ ಎಡವಟ್ಟನ್ನೇ ನೋಡಿದವನು. ತಲೆಕೆಳಗಾದ ಹಾಳೆಗಳು, ಎರಡು ಸಲ ಬಂದ ಪುಟಗಳು, ಹಿಂದುಮುಂದಾದ ಅಧ್ಯಾಯಗಳು, ಇವನ್ನೆಲ್ಲ ಕಟ್ಟುವಾಗ ಸದ್ದಿಲ್ಲದೆ ಸರಿಮಾಡಿ ಕೊಟ್ಟವನು. ತಪ್ಪು ಮಾಡಿದ ಪ್ರೆಸ್ಸಿನವರು ತಪ್ಪಾಯಿತು ಎನ್ನುವ ಬದಲು ಚೀಟಿ ಹಚ್ಚಿ ತೇಪೆ ಹಾಕುವುದೂ ಅವನಿಗೆ ಹೊಸದಲ್ಲ. ಇದೂ ಅಂಥದ್ದೇ ಎಂದು ತೀರ್ಮಾನಿಸಿದ. ಒಂಬತ್ತು ಭಾಗ ಪೂರ್ತಿ ಹಿಂದುಮುಂದು ಕಟ್ಟಿ, ಮೇಲೆ ಓದುಗರಿಗೇ ಬುದ್ಧಿ ಹೇಳಿದ್ದಾರೆ. ಆ ಕನ್ನಡಕದವನೋ ಮಂಗನ ಹಾಗೆ ತಿರುಗಿಸಿಕೊಂಡು ಓದಿದ್ದಾನೆ!

ಇಲ್ಲಿಯೇ ಹೇಳಬೇಕು, ಅವನು ಬೇಕೆಂದು ಕೆಡಿಸಲಿಲ್ಲ. ಬೇಕೆಂದೇ ಕೆಡಿಸಿದ್ದರೆ ಅವನ ಮೇಲೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವನು ಉಪಕಾರವೆಂದೇ ಮಾಡಿದ. ತಂಗಿಗಾಗಿ, ಹಣದ ಮಾತೆತ್ತದೆ, ರಟ್ಟಿಗೆ ಹೊದಿಸಲು ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೆಗೆದ. ಹಳೆಯ ಬೆನ್ನುಗಳನ್ನು ಮಿಷನ್ನಿನಲ್ಲಿ ಕತ್ತರಿಸಿ ಹಾಳೆಗಳನ್ನು ಬಿಡಿಸಿದ. ಸೂಚನೆಯ ಹಾಳೆಗಳನ್ನು ಚೂರುಕಾಗದದ ಬುಟ್ಟಿಗೆ ಹಾಕಿದ. ಒಂದರಿಂದ ಶುರುವಾಗಿ ಸಂಖ್ಯೆ ಏರುವಂತೆ, ಬೆನ್ನು ಎಡಕ್ಕೆ ಬರುವಂತೆ ಎಲ್ಲವನ್ನೂ ಜೋಡಿಸಿದ. ದಬ್ಬಣದಿಂದ ತೂತು ಮಾಡಿ, ಮೇಣ ಸವರಿದ ದಾರ ಹಾಕಿ, ಮೂರು ಮೂರು ಭಾಗ ಸೇರಿಸಿ ಮೂರು ಸಂಪುಟ ಹೊಲಿದ. ಅಂಚುಗಳನ್ನು ನುಣ್ಣಗೆ ಕತ್ತರಿಸಿದ. ಮುಗಿದ ಮೇಲೆ ಮೂರನ್ನೂ ಒತ್ತಿನಿಂದ ತೆಗೆದು ಅಂಗೈಯಿಂದ ಸವರಿ ನೋಡಿದ. ಅಷ್ಟು ಚೆಂದದ ಕೆಲಸ ಅವನು ಯಾವ ವಕೀಲನಿಗೂ ಮಾಡಿಕೊಟ್ಟಿರಲಿಲ್ಲ.

ಭಾನುವಾರ ಕನ್ನಡಕದವನು ಬಂದ. ಒಗೆದ ಅಂಗಿ, ಹೊಳೆಯುವ ಬೂಟು, ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕುಳಿತ. ಕೂತಾಗ ಅವನ ಕನ್ನಡಕ ಮೂಗಿನ ಮೇಲೆ ಜಾರಿತು, ಬೆರಳಿನಿಂದ ಮೇಲೆ ತಳ್ಳಿದ, ಮತ್ತೆ ಜಾರಿತು. ಕೊಂಕಣ್ಣನ ನಾಲಿಗೆ ತುರಿಸಿತು. ಆದರೂ ತುಟಿ ಪಿಟಕ್ಕೆನ್ನದೆ ಕುಳಿತ. ತಂಗಿ ಚಹಾ ತಂದಿಟ್ಟು ಅಣ್ಣನತ್ತ ಕೃತಜ್ಞತೆಯಿಂದ ನೋಡಿದಳು. ಅಲ್ಲಿಯ ತನಕ ಎಲ್ಲ ಸರಿಯಾಗಿಯೇ ಇತ್ತು.

ಕೊಂಕಣ್ಣ ಎದ್ದು ಹೋಗಿ ಮೂರು ಸಂಪುಟಗಳನ್ನು ತಂದು ಮೇಜಿನ ಮೇಲಿಟ್ಟ. "ಪ್ರೆಸ್ಸಿನವರು ಹಿಂದುಮುಂದು ಮಾಡಿದ್ರು. ಸರಿಮಾಡಿದೀನಿ" ಎಂದ. ಕನ್ನಡಕದವನು ಅರ್ಥವಾಗದೆ ಮೂರನೆಯದನ್ನು ಎತ್ತಿಕೊಂಡು, ತನಗೆ ತುಂಬ ಇಷ್ಟವಾದ ಜಾಗವನ್ನು ಹುಡುಕಿ ತೆರೆದ. ಶಾಲೆಯ ಮಹಡಿಯ ಮೆಟ್ಟಿಲಲ್ಲಿ ಹುಡುಗ ಹುಡುಗಿ ಕೊನೆಗೂ ಒಬ್ಬರಿಗೊಬ್ಬರು ತಿರುಗಿ ನಿಲ್ಲುವ ಚಿತ್ರ ಅದು. ಎದುರುಬದುರಿನ ಎರಡೂ ಪುಟ ತುಂಬಿರುತ್ತಿತ್ತು. ಬಲಗಡೆ ಅವಳು, ಎಡಗಡೆ ಅವನು, ನಡುವೆ ತಾಕುವ ಬೆರಳುಗಳು. ಈಗ ಬಲದ ಪುಟ ಎಡಕ್ಕೆ, ಎಡದ್ದು ಬಲಕ್ಕೆ ಬಂದಿತ್ತು. ಹುಡುಗಿ ಪುಸ್ತಕದಿಂದ ಆಚೆ ಎಲ್ಲೋ ನೋಡುತ್ತಿದ್ದಳು, ಹುಡುಗ ಇನ್ನೊಂದು ಕಡೆಗೆ ಕೈ ಚಾಚಿದ್ದ. ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತಿದ್ದರು. ನಡುವೆ ಇರಬೇಕಾದ ಬೆರಳುಗಳು ಹೊರಗಿನ ಅಂಚಿಗೆ ಹೋಗಿದ್ದವು, ಕಟಿಂಗ್ ಮಿಷನ್ನು ಅವುಗಳ ತುದಿಯನ್ನು ನುಣ್ಣಗೆ ಕತ್ತರಿಸಿಬಿಟ್ಟಿತ್ತು.

ತಂಗಿ ಬಗ್ಗಿ ನೋಡಿದಳು. ಒಂದೊಂದೇ ಪುಟ ತಿರುಗಿಸಿದಳು. ಅವಳ ಮುಖ ಬಿಳಿಚಿಕೊಂಡಿತು.

ಕನ್ನಡಕದವನು ಪುಸ್ತಕವನ್ನು ಮೆಲ್ಲಗೆ ಮುಚ್ಚಿ, ಬೆನ್ನು ಸವರಿ, "ಹೊಲಿಗೆ ಬಹಳ ಗಟ್ಟಿಯಾಗಿದೆ" ಎಂದ. ಅಣಕವಿರಲಿಲ್ಲ ಅದರಲ್ಲಿ. ಹೊಲಿಗೆ ಗಟ್ಟಿಯಾಗಿಯೇ ಇತ್ತು.

"ಏನಾಯ್ತು?" ಎಂದ ಕೊಂಕಣ್ಣ.

"ಬಲಗಡೆಯಿಂದ ಓದೋದು ಅಂತ ಹೇಳಿದ್ನಲ್ಲ ಅಣ್ಣ" ಎಂದಳು ತಂಗಿ. "ಅಲ್ಲಿನ ಪುಸ್ತಕಗಳೆಲ್ಲ ಹಾಗೇನೇ. ಇನ್ನು ಇದನ್ನ ಯಾವ ಕಡೆಯಿಂದ ತೆಗೆದ್ರೂ ಅವರಿಬ್ಬರು ಎದುರುಬದುರು ಬರಲ್ಲ."

ಆಗ ಕೊಂಕಣ್ಣ ತಪ್ಪಾಯಿತು ಎನ್ನಬಹುದಿತ್ತು. ಮೂರು ಕಾಸಿನ ಮಾತು ಅದು, ಯಾರು ಬೇಕಾದರೂ ಆಡಬಹುದು. ಕನ್ನಡಕದವನು ಅದಕ್ಕೂ ಕಾಯದೆ, ಪರವಾಗಿಲ್ಲ, ಇನ್ನೊಂದು ಸೆಟ್ಟು ಸಿಗುತ್ತದೆ, ಎನ್ನಲು ಬಾಯಿ ತೆರೆದಿದ್ದ. ಆದರೆ ಕೊಂಕಣ್ಣನ ಕೆಲಸದಲ್ಲಿ ಇದುವರೆಗೆ ಯಾರೂ ತಪ್ಪು ಹಿಡಿದಿರಲಿಲ್ಲ. ಅದೂ ತನ್ನ ಮನೆಯಲ್ಲಿ, ಇಂಥ ಪುಸ್ತಕಕ್ಕಾಗಿ, ಇಂಥವನ ಎದುರಿಗೆ. ಮುಖ ಕೆಂಪಾಯಿತು. ಗೊತ್ತಿದ್ದ ಒಂದೇ ಕೆಲಸ ಮಾಡಿದ.

"ಓದೋ ಯೋಗ್ಯತೆ ಇರೋದಾದ್ರೆ ಎಡ ಬಲ ನೋಡ್ಬೋದು" ಎಂದ. "ಸ್ಕೂಲ್ ಹುಡುಗೀರು ದಿಂಬಿನ ಕೆಳಗೆ ಇಟ್ಕೊಳ್ಳೋ ಪುಸ್ತಕ. ನರೆ ಬಂದ ಗಂಡಸು ಅಂಗಡೀಲಿ ಕೂತ್ಕೊಂಡು ಓದ್ತಾನಂತೆ. ಊರಿಗೆಲ್ಲ ಕನ್ನಡಕ ಕೂರಿಸ್ತಾನೆ, ತನ್ನ ಮೂಗಿನ ಮೇಲೆ ಮಾತ್ರ ನಿಲ್ಲಲ್ಲ." ಹೇಳಿ ನಕ್ಕ. ಚೆನ್ನಾಗಿಯೇ ನಕ್ಕ. ನಗುತ್ತ ತಂಗಿಯ ಕಡೆ ನೋಡಿದ, ಅವಳೂ ನಗುತ್ತಾಳೆ ಎಂದು.

ಬರಬಾರದು ಎಂದು ತಂಗಿ ಅಂದುಕೊಂಡಿದ್ದ ಮಾತು ಬಂದೇ ಬಿಟ್ಟಿತ್ತು. ಅವಳು ಹೆದರಿಕೊಂಡೇ ಕನ್ನಡಕದವನತ್ತ ತಿರುಗಿದಳು. ಕನ್ನಡಕ ಜಾರಿತ್ತು, ಅವನು ಬೆರಳಿನಿಂದ ಮೇಲೆ ತಳ್ಳುತ್ತಿದ್ದ. ಅವಳು ನಗು ಬರಲೆಂದು ಕಾದಳು. ಬರಲಿಲ್ಲ. ಜಾರಿದ ಕನ್ನಡಕ, ಅಷ್ಟೇ. ಅದರ ಹಿಂದೆ ಅವಮಾನವಾದ, ಆದರೆ ತಿರುಗಿ ಅವಮಾನ ಮಾಡಲು ಮನಸ್ಸಿಲ್ಲದ ಒಬ್ಬ ಮನುಷ್ಯ ಕುಳಿತಿದ್ದ. ಎಷ್ಟು ಹೊತ್ತು ನೋಡಿದರೂ ಅವನು ಅವನೇ ಆಗಿದ್ದ. ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು.

"ಓದ್ತೀನಿ, ನಿಜ" ಎಂದ ಕನ್ನಡಕದವನು. "ಇದನ್ನ ಓದಿದ ದಿನ ಗಿರಾಕಿಗಳ ಹತ್ರ ಸ್ವಲ್ಪ ಚೆನ್ನಾಗಿ ನಡ್ಕೋತೀನಿ. ಅದಕ್ಕೇ ಓದೋದು."

ಕೊಂಕಣ್ಣನಿಗೆ ಅದಕ್ಕೂ ಒಂದು ಮಾತು ತುದಿನಾಲಿಗೆಯಲ್ಲಿತ್ತು. ತಂಗಿ ಎದ್ದು ನಿಂತದ್ದರಿಂದ ಅದು ಅಲ್ಲೇ ಉಳಿಯಿತು.

"ಪುಸ್ತಕ ಹಾಳಾಗಿದ್ದಕ್ಕೆ ನನಗೆ ಕೋಪ ಇಲ್ಲ ಅಣ್ಣ" ಎಂದಳು ಅವಳು. "ನೀನು ಅಷ್ಟು ಚೆನ್ನಾಗಿ ಕಟ್ಟಿದೀಯ. ನಾನು ಹೇಳಿದ್ದನ್ನ ಒಂದೇ ಒಂದು ಸಲ ಕೇಳಿಸ್ಕೊಂಡಿದ್ರೆ ಸಾಕಿತ್ತು. ಒಂದೇ ಸಲ." ಆಮೇಲೆ ಕನ್ನಡಕದವನಿಗೆ, "ನನಗೆ ಒಪ್ಪಿಗೆ" ಎಂದಳು. ಅಣ್ಣ ಏನನ್ನುತ್ತಾನೆ ಎಂದು ತಿರುಗಿ ನೋಡಲಿಲ್ಲ.

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಾಯಿತು. ಕೊಂಕಣ್ಣ ಹೋದ. ಹೋಗದೆ ಇದ್ದರೆ ಅವನಿಗೆ ಇನ್ಯಾರಿದ್ದರು? ಒಗೆದ ಅಂಗಿ ಹಾಕಿಕೊಂಡು ಗೋಡೆಯ ಪಕ್ಕದ ಬೆಂಚಿನಲ್ಲಿ ಕುಳಿತ. ಕಚೇರಿಯ ಗುಮಾಸ್ತ ಕುಳ್ಳ, ಮೊಹರು ಒತ್ತುವಾಗ ಪ್ರತಿ ಸಲವೂ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಬಾಂಬು ಸಿಡಿಸುವವನ ಹಾಗೆ ಮುಖ ಮಾಡುತ್ತಿದ್ದ. ಕೊಂಕಣ್ಣ ಅದನ್ನು ಕಂಡ. ಕಂಡ ಕೂಡಲೆ ಮಾತು ಹುಟ್ಟಿತು, ಬಹಳ ದಿನಗಳಿಂದ ಅಷ್ಟು ಒಳ್ಳೆಯದು ಹುಟ್ಟಿರಲಿಲ್ಲ. ಹೇಳಲು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಬೇರೆ ಯಾರದೋ ಮದುವೆಗೆ ಸಾಕ್ಷಿಯಾಗಿ ಬಂದ ಮುದುಕರೊಬ್ಬರು ತೂಕಡಿಸುತ್ತಿದ್ದರು. ತಂಗಿ ಆಚೆ ಮೇಜಿನ ಹತ್ತಿರ ನಿಂತು, ಗಂಡ ಹೇಳುತ್ತಿದ್ದ ಏನನ್ನೋ ಕೇಳಿಸಿಕೊಳ್ಳುತ್ತಿದ್ದಳು. ಕೊಂಕಣ್ಣ ಮಾತನ್ನು ನುಂಗಿಕೊಂಡ. ಸಂಜೆ ಮನೆಗೆ ಬಂದು ಬಾಗಿಲು ತೆರೆದಾಗಲೂ ಅದು ಗಂಟಲಲ್ಲೇ ಇತ್ತು, ಮತ್ತು ಆ ಮನೆಯಲ್ಲಿ ಅದನ್ನು ಕೇಳುವವರು ಯಾರೂ ಇರಲಿಲ್ಲ.